ಪದಚರ್ಚೆ: ಆಕ್ಸಿಜನ್ ‘ಸರಬರಾಜು’, ‘ಪೂರೈಕೆ’, ‘ಸಿದ್ಧತೆ’, ‘ಸನ್ನದ್ಧತೆ’

ಬಳಗದ ಎಲ್ಲರಿಗೂ ನಮಸ್ಕಾರ.

ಅಭಿವೃದ್ಧಿಶೀಲ ದೇಶಗಳ ಆಸ್ಪತ್ರೆಗಳಲ್ಲಿ ಆಕ್ಸಿಜನ್ ವ್ಯವಸ್ಥೆಯನ್ನು ಗಟ್ಟಿಗೊಳಿಸುವ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದುವವರು ನರ್ಸುಗಳು, ವಾರ್ಡ್ ಸಹಾಯಕರು, ಪ್ಲಾಂಟ್ ನೋಡಿಕೊಳ್ಳುವ ತಂತ್ರಜ್ಞರು. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು. ಮುಖ್ಯವಾಗಿ ಎರಡು ಜೋಡಿ: ‘ಸರಬರಾಜು, ಪೂರೈಕೆ’ ಮತ್ತು ‘ಸಿದ್ಧತೆ, ಸನ್ನದ್ಧತೆ’. ಪತ್ರಿಕೆಗಳಲ್ಲಿ ಇವು ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ಈ ವಿಷಯದಲ್ಲಾದರೂ ಹಾಗೆ ಬರಬಾರದು ಅನ್ನಿಸುತ್ತಿದೆ. ಯಾಕೆಂದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಮೊದಲು ಅನಿಲದ ಹೆಸರು. ‘ಆಮ್ಲಜನಕ’ ಶಾಲೆಯಿಂದ ಬಂದ ಪದ, ಆದರೆ ಅದು ಒಂದು ತಪ್ಪು ತಿಳಿವಳಿಕೆಯ ಅನುವಾದ. ಆಮ್ಲಗಳೆಲ್ಲ ಈ ಅನಿಲದಿಂದಲೇ ಹುಟ್ಟುತ್ತವೆ ಎಂದು ಫ್ರೆಂಚ್ ರಸಾಯನವಿಜ್ಞಾನಿ ಲಾವೊಸಿಯೆ 1777ರ ಹೊತ್ತಿಗೆ ನಂಬಿದ್ದ. ಗ್ರೀಕ್ ಮೂಲದಿಂದ ‘ಆಮ್ಲ ಹುಟ್ಟಿಸುವುದು’ ಎಂಬ ಅರ್ಥದ ಹೆಸರಿಟ್ಟ. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೆಂದು 1810ರಲ್ಲಿ ಇಂಗ್ಲಿಷ್ ರಸಾಯನವಿಜ್ಞಾನಿ ಹಂಫ್ರಿ ಡೇವಿ ತೋರಿಸಿಕೊಟ್ಟ. ಅಷ್ಟರಲ್ಲಿ ಹೆಸರು ಬೇರುಬಿಟ್ಟಿತ್ತು, ಆಮೇಲೆ ನಮ್ಮ ಭಾಷೆಗೂ ಬಂತು. ಬಳಕೆಯಲ್ಲಿ ನಿಂತ ಪದವನ್ನು ಕೀಳಬೇಕೆಂದು ನಾನು ಹೇಳುವುದಿಲ್ಲ. ಆದರೆ ರೋಗಿಯ ಪಕ್ಕ ನಿಂತವರು ಯಾರೂ ಅದನ್ನು ಆಡುವುದಿಲ್ಲ, ‘ಆಕ್ಸಿಜನ್’ ಎನ್ನುತ್ತಾರೆ. ಕೈಪಿಡಿಯಲ್ಲೂ ಅದನ್ನೇ ಉಳಿಸಿಕೊಂಡಿದ್ದೇನೆ.

‘ಪ್ರಾಣವಾಯು’ವನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೇನೆ. ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂಬ ಐದರಲ್ಲಿ ಅದಕ್ಕೆ ಬೇರೆಯೇ ಅರ್ಥವಿದೆ ಎಂಬುದು ಒಂದು ಕಾರಣ. ನನಗೆ ದೊಡ್ಡದಾಗಿ ಕಂಡದ್ದು ಇನ್ನೊಂದು. ಆಕ್ಸಿಜನ್ ಹಾಕಿದರೆಂದರೆ ವೈದ್ಯರು ಆಸೆ ಬಿಟ್ಟರೆಂದೇ ಅರ್ಥ ಎಂಬ ಭಯ ಹಲವು ದೇಶಗಳ ವಾರ್ಡುಗಳಲ್ಲಿದೆ. ಆ ಭಯದಿಂದಲೇ ಬೇಡವೆನ್ನುವ ಮನೆಯವರಿದ್ದಾರೆ. ‘ಪ್ರಾಣವಾಯು ಕೊಡುತ್ತಿದ್ದೇವೆ’ ಎಂದು ಕಿವಿಗೆ ಬಿದ್ದೊಡನೆ ಒಬ್ಬ ತಾಯಿ ಮಗುವನ್ನು ಮಂಚದಿಂದ ಎತ್ತಿಕೊಂಡದ್ದನ್ನು ನಾನೇ ಕಂಡಿದ್ದೇನೆ. ನರ್ಸ್ ಆಕೆಯ ಪಕ್ಕ ಕೂತು, ‘ಇದು ಔಷಧಿ ಕಣಮ್ಮ, ಜ್ವರಕ್ಕೆ ಕೊಡೋ ಹಾಗೆ ಉಸಿರಿಗೆ ಕೊಡ್ತೀವಿ’ ಎಂದಾಗ ಕೆಳಗಿಳಿಸಿದಳು.

ಆ ನರ್ಸ್ ಆಡಿದ ಕ್ರಿಯಾಪದವನ್ನು ಗಮನಿಸಿ. ಸಾಮಾನ್ಯ ಮಾತಿನಲ್ಲಿ ‘ಆಕ್ಸಿಜನ್ ಹಾಕಿದ್ದಾರೆ’, ‘ಆಕ್ಸಿಜನ್ ಇಟ್ಟಿದ್ದಾರೆ’; ಆಕೆ ಅಂದದ್ದು ‘ಕೊಡ್ತೀವಿ’. ಹಾಕುವುದು ಸಲಕರಣೆಯನ್ನು, ಕೊಡುವುದು ಔಷಧಿಯನ್ನು. ಕೊಟ್ಟಾಗ ಎಷ್ಟು, ಎಷ್ಟು ಹೊತ್ತು ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಆಕ್ಸಿಜನ್‌ಗೆ ಆ ಪ್ರಶ್ನೆ ಬೇಕೇ ಬೇಕು. 1940 ಮತ್ತು 50ರ ದಶಕಗಳಲ್ಲಿ ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಿಗೆ ಅಳತೆ ಮೀರಿ ಆಕ್ಸಿಜನ್ ಕೊಟ್ಟು ಸಾವಿರಾರು ಮಕ್ಕಳ ಕಣ್ಣು ಹೋಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಆಕ್ಸಿಜನ್ 1979ರಿಂದ ಇದೆ. ಆಗ ಇದ್ದದ್ದು ಅರಿವಳಿಕೆಯ ಜೊತೆಗೆ. ರಕ್ತದಲ್ಲಿ ಆಕ್ಸಿಜನ್ ಇಳಿದವರ ಚಿಕಿತ್ಸೆಗೆಂದು ಪ್ರತ್ಯೇಕವಾಗಿ ಸೇರಿದ್ದು 2017ರಲ್ಲಿ. ಆದ್ದರಿಂದ ಕೈಪಿಡಿಯುದ್ದಕ್ಕೂ ‘ಕೊಡು’ ಎಂದೇ ಬರೆದಿದ್ದೇನೆ.

ಇನ್ನು ‘ಆಕ್ಸಿಜನ್ ಉತ್ಪಾದನಾ ಘಟಕ’. ಆಸ್ಪತ್ರೆಯ ಹಿಂಬದಿಯಲ್ಲಿ ನಿಲ್ಲಿಸುವ, ಒತ್ತಡ ಏರಿಸಿ ಇಳಿಸಿ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಪಿಎಸ್‌ಎ ಪ್ಲಾಂಟ್ ಏನನ್ನೂ ಉತ್ಪಾದಿಸುವುದಿಲ್ಲ. ಗಾಳಿಯಲ್ಲಿ ಸುಮಾರು ನೂರಕ್ಕೆ 78 ಸಾರಜನಕ, 21 ಆಕ್ಸಿಜನ್. ಜಿಯೋಲೈಟ್ ಹರಳು ತುಂಬಿದ ಉದ್ದನೆಯ ಪಾತ್ರೆಗೆ ಒತ್ತಿದ ಗಾಳಿಯನ್ನು ಬಿಟ್ಟರೆ ಹರಳು ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಕ್ಸಿಜನ್ ಮುಂದೆ ಹೋಗುತ್ತದೆ. ಒತ್ತಡ ಇಳಿಸಿದಾಗ ಹಿಡಿದ ಸಾರಜನಕವನ್ನು ಹರಳು ಬಿಟ್ಟುಕೊಡುತ್ತದೆ. ಅಷ್ಟು ಹೊತ್ತು ಪಕ್ಕದ ಪಾತ್ರೆ ಕೆಲಸ ಮಾಡುತ್ತಿರುತ್ತದೆ. ಹೊರಬರುವ ಅನಿಲದಲ್ಲಿ ಆಕ್ಸಿಜನ್ ಸುಮಾರು ಶೇ 93. ಇದು ಸೋಸುವ ಕೆಲಸ. ‘ಉತ್ಪಾದನೆ’ ಎಂದವರಿಗೆ ಕಾಣುವುದು ಹೊರಬರುವ ಕೊಳವೆ. ‘ಸೋಸುವ ಘಟಕ’ ಎಂದರೆ ಒಳಹೋಗುವ ಗಾಳಿಯ ಮೇಲೂ ಕಣ್ಣಿರುತ್ತದೆ. ಆ ಗಾಳಿಯ ತೇವವೇ ಜಿಯೋಲೈಟನ್ನು ಕೆಡಿಸುವುದು. ಕೋವಿಡ್ ಕಾಲದಲ್ಲಿ ತರಾತುರಿಯಲ್ಲಿ ಕೂರಿಸಿದ ಎಷ್ಟೋ ಪ್ಲಾಂಟುಗಳು ಬಿಡಿಭಾಗವಿಲ್ಲದೆ, ನೋಡಿಕೊಳ್ಳುವವರಿಲ್ಲದೆ, ಸ್ಥಿರವಾದ ವಿದ್ಯುತ್ ಇಲ್ಲದೆ ನಿಂತುಹೋದವು. ‘ಸಾಂದ್ರಕ’ (ಕಾನ್ಸಂಟ್ರೇಟರ್) ಎಂಬ ಪತ್ರಿಕೆಗಳ ಪದ ಮಂಚದ ಪಕ್ಕದ ಚಿಕ್ಕ ಯಂತ್ರಕ್ಕೆ ಸಲ್ಲುತ್ತದೆ, ಅದರ ಬಗ್ಗೆ ನನಗೆ ತಕರಾರಿಲ್ಲ.

ಈಗ ಮೊದಲ ಜೋಡಿ. ‘ಸರಬರಾಜು’ ಪಾರಸಿ ಮೂಲದಿಂದ ಬಂದು ಕಚೇರಿಯ ಕನ್ನಡದಲ್ಲಿ ನೆಲೆಯಾದ ಪದ. ಲಾರಿ ಬಂದು ಸರಕು ಇಳಿಸಿ ರಸೀದಿಗೆ ಸಹಿ ಬಿದ್ದರೆ ಸರಬರಾಜು ಆಯಿತು. ‘ಪೂರೈಕೆ’ಯಲ್ಲಿ ‘ಪೂರೈಸು’ ಇದೆ. ತುಂಬುವುದು, ಮುಗಿಸುವುದು, ಕೊರತೆ ನೀಗುವುದು. ಅದು ಗೇಟಿನಲ್ಲಿ ಮುಗಿಯುವುದಿಲ್ಲ, ರೋಗಿಯ ಮೂಗಿನಲ್ಲಿ ಮುಗಿಯುತ್ತದೆ.

ಈ ಎರಡರ ನಡುವೆ ಎಷ್ಟು ದೂರವಿದೆ ಎಂಬುದನ್ನು ನೋಡಿ. ದ್ರವರೂಪದ ಆಕ್ಸಿಜನ್ ಸೊನ್ನೆಗಿಂತ 183 ಡಿಗ್ರಿ ಸೆಲ್ಸಿಯಸ್ ಕೆಳಗೆ ಟ್ಯಾಂಕಿನಲ್ಲಿರುತ್ತದೆ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 860 ಲೀಟರ್ ಅನಿಲ. ಅದು ತಾಮ್ರದ ಕೊಳವೆಗಳಲ್ಲಿ ಹರಿದು ಗೋಡೆಯ ತೂತಿಗೆ ಬರಬೇಕು. ಅಲ್ಲಿ ಫ್ಲೋಮೀಟರ್. ಅದರ ಪಾರದರ್ಶಕ ಕೊಳವೆಯೊಳಗೆ ಒಂದು ಸಣ್ಣ ಗುಂಡು ತೇಲುತ್ತಿರುತ್ತದೆ. ಗುಂಡಿನ ನಡುಭಾಗ ಯಾವ ಗೆರೆಯ ನೇರಕ್ಕಿದೆಯೋ ನಿಮಿಷಕ್ಕೆ ಅಷ್ಟು ಲೀಟರ್. ತುದಿ ನೋಡಿದರೆ ಲೆಕ್ಕ ತಪ್ಪುತ್ತದೆ. ಅದರ ಕೆಳಗೆ ಅನಿಲಕ್ಕೆ ತೇವ ಕೊಡುವ ನೀರಿನ ಬಾಟಲಿ ಇದ್ದು, ಮುಚ್ಚಳ ಸಡಿಲವಾಗಿದ್ದರೆ ಆಕ್ಸಿಜನ್ ಅಲ್ಲೇ ಸೋರಿಹೋಗುತ್ತದೆ. ಮೀಟರಿನ ಗುಂಡು ಮಾತ್ರ ತನ್ನ ಜಾಗದಲ್ಲೇ ಇರುತ್ತದೆ. ಟ್ಯಾಂಕು ತುಂಬಿದೆ, ಮೀಟರು ಸರಿಯಾಗಿದೆ, ಮಗುವಿನ ತುಟಿ ನೀಲಿಗಟ್ಟುತ್ತಿದೆ. ಸರಬರಾಜು ನೂರಕ್ಕೆ ನೂರು ಆಗಿದೆ, ಪೂರೈಕೆ ಆಗಿಲ್ಲ.

ಸಿಲಿಂಡರಿನ ಲೆಕ್ಕವೂ ಹೀಗೇ. ಆಳೆತ್ತರದ ಒಂದು ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಹಿಡಿಯುತ್ತದೆ. ನಿಮಿಷಕ್ಕೆ 5 ಲೀಟರ್ ಕೊಟ್ಟರೆ 23 ಗಂಟೆ ದಾಟುತ್ತದೆ, 60 ಲೀಟರ್ ಬೇಕಾದವರಿಗೆ ಎರಡು ಗಂಟೆಯೂ ಬರುವುದಿಲ್ಲ. ‘ಇಷ್ಟು ಸಿಲಿಂಡರ್ ಸರಬರಾಜು’ ಎಂಬ ವಾಕ್ಯ ಎಷ್ಟು ಜನಕ್ಕೆ ಎಷ್ಟು ಹೊತ್ತು ಎಂಬುದನ್ನು ಹೇಳುವುದೇ ಇಲ್ಲ. ಹಾಗಾಗಿ ನನ್ನ ಸಲಹೆ: ಆಸ್ಪತ್ರೆಯ ಬಾಗಿಲವರೆಗೆ ‘ಸರಬರಾಜು’, ಒಟ್ಟು ಸರಪಳಿಗೆ ‘ಪೂರೈಕೆ’. ಸರಪಳಿಯ ಕೊನೆಯ ಕೊಂಡಿ ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಅಳೆಯುವ ಪಲ್ಸ್ ಆಕ್ಸಿಮೀಟರ್, ಅದಿಲ್ಲದೆ ಯಾರಿಗೆ ಬೇಕು, ಸಾಕಾಯಿತೇ ಎಂಬುದು ಗೊತ್ತಾಗುವುದಿಲ್ಲ. ಪಪುವಾ ನ್ಯೂ ಗಿನಿಯ ಐದು ಆಸ್ಪತ್ರೆಗಳಲ್ಲಿ ಸಾಂದ್ರಕಗಳ ಜೊತೆಗೆ ಆಕ್ಸಿಮೀಟರನ್ನೂ ಸಿಬ್ಬಂದಿಗೆ ತರಬೇತಿಯನ್ನೂ ಕೊಟ್ಟಾಗ ನ್ಯುಮೋನಿಯಾದಿಂದ ಮಕ್ಕಳು ಸಾಯುವ ಅಪಾಯ ಶೇ 35ರಷ್ಟು ತಗ್ಗಿತೆಂದು 2008ರಲ್ಲಿ ಪ್ರಕಟವಾಯಿತು. ಕೋವಿಡ್‌ಗೆ ಎಷ್ಟೋ ವರ್ಷ ಮೊದಲಿನ ಮಾತಿದು. ಅದನ್ನು ಅಂದೇ ಎಲ್ಲೆಡೆ ಕೈಗೆತ್ತಿಕೊಂಡಿದ್ದರೆ ಎಂದು ಓದುವಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಎರಡನೆಯ ಜೋಡಿ ಇಲ್ಲಿಂದಲೇ ಹುಟ್ಟುತ್ತದೆ. ‘ಸಿದ್ಧ’ದ ಮೂಲದಲ್ಲಿ ಈಡೇರುವುದು, ಕೈಗೂಡುವುದು ಎಂಬ ಅರ್ಥವಿದೆ. ಪರೀಕ್ಷೆಗೆ ಸಿದ್ಧತೆ, ಚುನಾವಣೆಗೆ ಸಿದ್ಧತೆ. ಅವಕ್ಕೆ ದಿನಾಂಕವಿದೆ. ‘ಸಿದ್ಧತೆ ಮುಗಿದಿದೆ’, ‘ಸಕಲ ಸಿದ್ಧತೆ ಪೂರ್ಣ’ ಎಂದು ಸಲೀಸಾಗಿ ಬರೆಯುತ್ತೇವೆ. ‘ಸನ್ನದ್ಧತೆ ಮುಗಿದಿದೆ’ ಎಂದು ಬರೆದು ನೋಡಿ, ಕನ್ನಡದ ಕಿವಿ ಒಪ್ಪುವುದಿಲ್ಲ. ಅದರ ಮೂಲದಲ್ಲಿರುವ ಸಂಸ್ಕೃತ ಧಾತು ‘ನಹ್’ ಎಂದರೆ ಕಟ್ಟು, ಬಿಗಿ. ಸನ್ನದ್ಧ ಎಂದರೆ ಕವಚ ಬಿಗಿದುಕೊಂಡು ನಿಂತವನು. ‘ಯುದ್ಧಸನ್ನಾಹ’ದ ಸನ್ನಾಹವೂ ಅದೇ ಧಾತುವಿನದು. ಅದು ಮುಗಿಸುವ ಕೆಲಸವಲ್ಲ, ಇರುವ ಸ್ಥಿತಿ. ಕೋವಿಡ್‌ನಂಥ ಮುಂದಿನ ಪಿಡುಗಿಗೆ ದಿನಾಂಕವಿಲ್ಲ. ತುಂಬಿದ ಸಿಲಿಂಡರ್ ಮೂಲೆಯಲ್ಲಿದೆ, ಆದರೆ ಅದನ್ನು ತೆರೆಯುವ ಕೀ ಯಾರ ಬಳಿ ಇದೆಯೆಂದು ರಾತ್ರಿ ಪಾಳಿಯವರಿಗೆ ಗೊತ್ತಿಲ್ಲದಿದ್ದರೆ ಅಲ್ಲಿ ಸಿದ್ಧತೆ ಆಗಿದೆ, ಸನ್ನದ್ಧತೆ ಇಲ್ಲ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಸೇರುವ ವಿಶ್ವ ಆರೋಗ್ಯ ಸಭೆ ವೈದ್ಯಕೀಯ ಆಕ್ಸಿಜನ್ ಎಲ್ಲರಿಗೂ ಸಿಗುವಂತಾಗಬೇಕೆಂದು ನಿರ್ಣಯ ಅಂಗೀಕರಿಸಿತು. ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿದ್ದೂ ಅದೇ ತಿಂಗಳು. ತುರ್ತು ಮುಗಿದ ಮೇಲೂ ಬಿಗಿದ ಕವಚ ಬಿಚ್ಚಬೇಡಿ ಎನ್ನುವುದಕ್ಕೆ ನಮ್ಮಲ್ಲಿ ಇದಕ್ಕಿಂತ ಹೊಂದುವ ಪದ ನನಗೆ ಕಂಡಿಲ್ಲ.

ಒಂದು ಅಳುಕಿದೆ. ‘ಸನ್ನದ್ಧತೆ’ ಭಾರವಾದ ಪದ, ಸೈನ್ಯದ ವಾಸನೆಯೂ ಇದೆ. ‘ಮುನ್ನೆಚ್ಚರಿಕೆ’ ಹಗುರ, ಆದರೆ ಅದು ಬರದಂತೆ ನೋಡಿಕೊಳ್ಳುವುದು. ನಮಗೆ ಬೇಕಾದದ್ದು ಬಂದರೆ ಎದುರಿಸುವುದು. ‘ಅಣಿಯಾಗಿರು’ ಎಂಬ ಅಚ್ಚಗನ್ನಡದ ಮಾತು ಕಿವಿಗೆ ಹಿತ. ಆದರೆ ಅದರಿಂದ ನಾಮಪದ ಮಾಡುವುದು ಹೇಗೆ? ‘ಅಣಿತನ’ ಎಂದು ಯಾರಾದರೂ ಬಳಸಿದ್ದನ್ನು ಕಂಡಿದ್ದೀರಾ?

ಪಿಡುಗು ಎಂದೆ. ‘ಸಾಂಕ್ರಾಮಿಕ’ ಬಳಸದಿದ್ದದ್ದಕ್ಕೆ ಕಾರಣ ಚಿಕ್ಕದು. ಕ್ಷಯವೂ ಸಾಂಕ್ರಾಮಿಕವೇ, ಒಬ್ಬರಿಂದ ಒಬ್ಬರಿಗೆ ದಾಟುವುದೆಲ್ಲ ಸಾಂಕ್ರಾಮಿಕವೇ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ಗೆ ಬಳಸಿದ ‘ಪ್ಯಾಂಡೆಮಿಕ್’ ಎಂಬ ಪದದಲ್ಲಿದ್ದದ್ದು ಜಗತ್ತನ್ನೇ ಆವರಿಸಿದೆ ಎಂಬ ಅರ್ಥ. ಸದ್ಯಕ್ಕೆ ‘ಜಾಗತಿಕ ಪಿಡುಗು’ ಎಂದಿದ್ದೇನೆ.

ಬಳಗದಲ್ಲಿ ನರ್ಸುಗಳೋ ಆಸ್ಪತ್ರೆಯ ತಂತ್ರಜ್ಞರೋ ಇದ್ದರೆ ಅವರಲ್ಲಿ ಒಂದು ಕೋರಿಕೆ. ಪಾಳಿ ಬದಲಾಗುವಾಗ ಒಬ್ಬರಿಂದ ಒಬ್ಬರಿಗೆ ‘ಆಕ್ಸಿಜನ್ ನೋಡ್ಕೊಂಡಿದೀನಿ, ಎಲ್ಲ ಸರಿ ಇದೆ’ ಎಂದು ಹೇಳುವುದಕ್ಕೆ ನೀವು ಯಾವ ಮಾತು ಬಳಸುತ್ತೀರಿ? ಆಡುವ ಹಾಗೆಯೇ ಬರೆದು ಕಳಿಸಿ.