ಅಕ್ಕಮಹಾದೇವಿಯ ನೃತ್ಯಪ್ರದರ್ಶನದ ಪೋಸ್ಟರ್‌ಗೆ ಕಲಾವಿದೆಯ ಛಾಯಾಚಿತ್ರ: ಇಕ್ಕೇರಿಯಲ್ಲೋ, ಅಭ್ಯಾಸದ ಕೊಠಡಿಯಲ್ಲೋ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷಗಳಿಂದ ಮದುವೆ, ಉಪನಯನ, ಗೃಹಪ್ರವೇಶಗಳ ಛಾಯಾಚಿತ್ರ ತೆಗೆಯುತ್ತಾ ಬಂದಿರುವ ನನಗೆ ಮೊದಲ ಬಾರಿಗೆ ನೃತ್ಯಕಲಾವಿದೆಯೊಬ್ಬರ ಪ್ರಚಾರಚಿತ್ರಗಳನ್ನು ತೆಗೆದುಕೊಡುವ ಕೆಲಸ ಬಂದಿದೆ. ಅವರು ಅಕ್ಕಮಹಾದೇವಿಯ ವಚನಗಳನ್ನು ಆಧರಿಸಿ ಒಂದೂವರೆ ಗಂಟೆಯ ಏಕವ್ಯಕ್ತಿ ಭರತನಾಟ್ಯ ಪ್ರದರ್ಶನವೊಂದನ್ನು ಸಿದ್ಧಪಡಿಸಿದ್ದು, ಮಳೆಗಾಲ ಕಳೆದ ಮೇಲೆ ಇಲ್ಲಿಯ ಕುವೆಂಪು ರಂಗಮಂದಿರದಲ್ಲಿ ಅದನ್ನು ಪ್ರಸ್ತುತಪಡಿಸಲಿದ್ದಾರೆ. ಎ3 ಅಳತೆಯ ಪೋಸ್ಟರ್, ಆಹ್ವಾನಪತ್ರಿಕೆ, ವಾಟ್ಸಾಪ್‌ನಲ್ಲಿ ಹಂಚುವ ಚಿತ್ರ, ಪತ್ರಿಕೆಗಳಿಗೆ ಕಳುಹಿಸುವ ಚಿತ್ರ, ಇವಿಷ್ಟು ಬೇಕಾಗಿವೆ.

ಕಳೆದ ಭಾನುವಾರ ಅವರ ಮನೆಯ ಹಜಾರದಲ್ಲಿ ಪ್ರಯೋಗವೆಂದು ಸುಮಾರು ಇನ್ನೂರು ಚಿತ್ರಗಳನ್ನು ತೆಗೆದು, ನನ್ನ ಕಣ್ಣಿಗೆ ಚೆನ್ನಾಗಿ ಕಂಡ ಮೂವತ್ತನ್ನು ಅವರ ಗುರುಗಳಿಗೆ ತೋರಿಸಿದೆ. ಅವರು ಒಂದೊಂದನ್ನೂ ನಿಧಾನವಾಗಿ ನೋಡಿ, ‘ಇಲ್ಲಿ ಮಂಡಿ ಮುಂದಕ್ಕೆ ಬಂದಿದೆ, ಇಲ್ಲಿ ಮೊಣಕೈ ಬಿದ್ದಿದೆ, ಇಲ್ಲಿ ಹಸ್ತ ಇನ್ನೂ ಕೂಡಿಲ್ಲ’ ಎನ್ನುತ್ತಾ ಮೂವತ್ತನ್ನೂ ಬದಿಗಿಟ್ಟರು. ಮದುವೆಮನೆಯಲ್ಲಿ ಇಂಥ ಪರೀಕ್ಷಕರು ಇರುವುದಿಲ್ಲ. ವರನ ಸೋದರತ್ತೆಯವರು ಇರುತ್ತಾರೆ, ಆದರೆ ಅವರ ತಕರಾರು ಬೇರೆ ಬಗೆಯದು.

ಇಕ್ಕೇರಿಯ ಅಘೋರೇಶ್ವರ ದೇವಾಲಯದ ಹಿನ್ನೆಲೆಯಲ್ಲಿ, ಪೂರ್ಣ ಆಭರಣಗಳೊಂದಿಗೆ, ಗಾಳಿಯಲ್ಲಿ ಜಿಗಿದಿರುವ ಒಂದು ಚಿತ್ರ ತೆಗೆದರೆ ನೋಡಿದವರ ಕಣ್ಣು ತಾನಾಗಿ ನಿಲ್ಲುತ್ತದೆ ಎಂಬುದು ನನ್ನ ಯೋಚನೆ. ನನ್ನ ಬಳಿ 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಕ್ಯಾಮೆರಾ, 24-70 ಮತ್ತು 85 ಮಿ.ಮೀ. ಲೆನ್ಸ್‌ಗಳು, ಬ್ಯಾಟರಿಯ ಎರಡು ಫ್ಲ್ಯಾಶ್‌ಗಳು ಇವೆ. ಈ ಯೋಚನೆ ಸರಿಯೇ, ಗುರುಗಳು ಒಪ್ಪುವಂಥ ಚಿತ್ರ ಸಿಗಬೇಕಾದರೆ ನಾನು ಯಾವುದನ್ನು ಬದಲಾಯಿಸಿಕೊಳ್ಳಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ. ಚಿತ್ರಗಳ ಹಕ್ಕು ಯಾರದೆಂಬ ಮಾತೂ ನಮ್ಮ ನಡುವೆ ಬಂದಿದೆ. ಅದರ ಬಗ್ಗೆಯೂ ಗೊತ್ತಿದ್ದವರು ಹೇಳಿದರೆ ಉಪಕಾರ.

ಹಳೆಯ ಲೆನ್ಸ್, ಸಾಗರ

ತುಂಗಾತೀರ ಅವರೇ, ಇಕ್ಕೇರಿ ನಮ್ಮ ಊರಿನ ಪಕ್ಕದಲ್ಲೇ ಇರುವುದರಿಂದ ಮೊದಲು ಆ ಮಾತು. ಅದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಕೈಯಲ್ಲಿ ಕ್ಯಾಮೆರಾ ಹಿಡಿದು ಚಿತ್ರ ತೆಗೆದುಕೊಂಡು ಬರುವುದು ಬೇರೆ, ಟ್ರೈಪಾಡ್ ಮತ್ತು ದೀಪದ ಕಂಬಗಳನ್ನು ನಿಲ್ಲಿಸಿ ತೆಗೆಯುವುದು ಬೇರೆ. ಎರಡನೆಯದಕ್ಕೆ ಮುಂಚಿತವಾಗಿ ಇಲಾಖೆಯ ಅನುಮತಿ ಪಡೆದಿರಬೇಕು. ಇದನ್ನು ತಿಳಿಯದೆ ನಾನೊಮ್ಮೆ ಇಂಥದೇ ಒಂದು ದೇವಾಲಯಕ್ಕೆ ಕಾರಿನ ತುಂಬ ಸಾಮಾನು ಹೇರಿಕೊಂಡು ಹೋಗಿ, ಅಲಂಕಾರ ಮುಗಿಸಿ ಕೂತಿದ್ದ ಕಲಾವಿದೆಯನ್ನು ಹಾಗೆಯೇ ಮನೆಗೆ ಬಿಟ್ಟು ಬಂದೆ. ಅಂದು ಆಕೆಯ ತಾಯಿಯವರು ದಾರಿಯುದ್ದಕ್ಕೂ ನನ್ನೊಡನೆ ಮಾತನಾಡಲಿಲ್ಲ.

ಅನುಮತಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಆಷಾಢದಲ್ಲಿ ನಮ್ಮ ಕಡೆಯ ಕಲ್ಲುಹಾಸುಗಳೆಲ್ಲ ಪಾಚಿ ಕಟ್ಟಿ ಜಾರುತ್ತವೆ, ಬರಿಗಾಲಿನಲ್ಲಿ ಅಲ್ಲಿ ಜಿಗಿಯಿರೆಂದು ಹೇಳುವ ಧೈರ್ಯ ನನಗಂತೂ ಇಲ್ಲ. ಅಂಗಳದ ಹುಲ್ಲಿನ ಮೇಲೆ ನಿಲ್ಲಿಸಿದರೆ ಉಂಬಳಗಳ ಕಾಟ. ಗೆಜ್ಜೆಯ ಪಟ್ಟಿಯ ಕೆಳಗೆ ಒಂದು ಸೇರಿಕೊಂಡರೆ ರಕ್ತ ಇಳಿದು ಅಲ್ತಾದ ಜೊತೆಗೆ ಬೆರೆಯುವವರೆಗೆ ಗೊತ್ತೇ ಆಗುವುದಿಲ್ಲ. ಮೋಡದ ಬೆಳಕು ಮೃದುವಾಗಿರುತ್ತದೆ ಎಂಬುದು ನಿಜ, ಆದರೆ ಸುತ್ತಲಿನ ಹಸಿರು ಕೆನ್ನೆಗೂ ಬಿಳಿ ಬಟ್ಟೆಗೂ ಬಳಿದುಕೊಂಡು, ಆಮೇಲೆ ಕಂಪ್ಯೂಟರ್‌ನಲ್ಲಿ ಎಷ್ಟು ತಿದ್ದಿದರೂ ಮುಖದಲ್ಲಿ ರಕ್ತವಿಲ್ಲದಂತೆ ಕಾಣುತ್ತದೆ. ಆದ್ದರಿಂದ ನನ್ನ ಮತ ಅಭ್ಯಾಸದ ಕೊಠಡಿಗೇ.

ಮನೆಯ ಹಜಾರದಲ್ಲಿ ನೀವು ಜಾಗ ಸಾಲದೆ 24 ಮಿ.ಮೀ.ನಲ್ಲಿ, ನಿಂತ ಎತ್ತರದಿಂದಲೇ ತೆಗೆದಿದ್ದೀರಿ ಎಂದು ಊಹಿಸುತ್ತೇನೆ. ಅಷ್ಟು ಹತ್ತಿರದಿಂದ ವೈಡ್ ಲೆನ್ಸ್‌ನಲ್ಲಿ ತೆಗೆದಾಗ ಮುಂದೆ ಚಾಚಿದ ಕೈ ಹಿಗ್ಗುತ್ತದೆ, ಹಿಂದಿನ ಕಾಲು ಕುಗ್ಗುತ್ತದೆ. ಮಂಡಿಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕುಳಿತಂತೆ ನಿಲ್ಲುವ ಅರೆಮಂಡಿಯನ್ನು ಮೇಲಿನಿಂದ ನೋಡಿದರಂತೂ ಅದು ನೃತ್ಯವೆನಿಸದೆ ಕುಳಿತುಕೊಳ್ಳಲು ಹೊರಟವರ ಭಂಗಿಯಂತೆ ಕಾಣುತ್ತದೆ. ಗುರುಗಳು ತೋರಿಸಿದ ತಪ್ಪುಗಳಲ್ಲಿ ಕೆಲವು ಕಲಾವಿದೆಯವಾಗಿರದೆ ನಿಮ್ಮ ಲೆನ್ಸಿನವೇ ಆಗಿರುವ ಸಾಧ್ಯತೆ ಇದೆ. 85 ಮಿ.ಮೀ. ಲೆನ್ಸನ್ನು ಹಾಕಿ, ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ಕಲಾವಿದೆಯ ನಡುವಿನ ಎತ್ತರಕ್ಕೆ ಇಳಿಸಿ, ಆರು ಮೀಟರ್ ಹಿಂದಕ್ಕೆ ನಿಂತರೆ ತಲೆಯ ಮೇಲೆ ಎತ್ತಿದ ಕೈಗಳೂ ನೆಲದ ಮೇಲಿನ ಪಾದಗಳೂ ಸಾಕಷ್ಟು ಅಂಚು ಉಳಿದು ಚೌಕಟ್ಟಿನೊಳಗೆ ಬರುತ್ತವೆ. ಆರು ಮೀಟರ್ ಉದ್ದದ ಜಾಗ ಬೇಕೆಂಬುದನ್ನು ಮೊದಲೇ ನೋಡಿಕೊಳ್ಳಿ.

ಇನ್ನು ಬೆಳಕು. ಪರದೆಗಳನ್ನು ಎಳೆದು ಕೊಠಡಿಯನ್ನು ಕತ್ತಲಾಗಿಸಿಕೊಂಡರೆ ಚಲನೆಯನ್ನು ಹಿಡಿದು ನಿಲ್ಲಿಸುವುದು ಫ್ಲ್ಯಾಶ್‌ನ ಮಿಂಚೇ. ಶಟರ್ ವೇಗ ಸೆಕೆಂಡಿನ 1/200ರಲ್ಲಿ ಇದ್ದರೂ ಸಾಕು. ನಿಮ್ಮಲ್ಲಿರುವಂಥ ಚಿಕ್ಕ ಫ್ಲ್ಯಾಶ್‌ಗಳಲ್ಲಿ ಶಕ್ತಿಯನ್ನು ಪೂರ್ಣಶಕ್ತಿಯ 1/8, 1/16ಕ್ಕೆ ಇಳಿಸಿದಷ್ಟೂ ಮಿಂಚಿನ ಅವಧಿ ಕಿರಿದಾಗಿ, ಬೀಸಿದ ಬೆರಳೂ ಸ್ಪಷ್ಟವಾಗಿ ಬರುತ್ತದೆ. ಸ್ಟುಡಿಯೊದ ಹಳೆಯ ದೊಡ್ಡ ದೀಪಗಳಲ್ಲಿ ಇದು ಅನೇಕ ವೇಳೆ ತಲೆಕೆಳಗಾಗಿರುತ್ತದೆ, ಹಾಗಾಗಿ ಯಾರಿಂದಲಾದರೂ ಅಂಥದನ್ನು ಎರವಲು ತರುವ ಮೊದಲು ಪರೀಕ್ಷಿಸಿ.

ಗೆಜ್ಜೆದನಿ, ಶಿವಮೊಗ್ಗ

ನಾನು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಭರತನಾಟ್ಯ ಕಲಿಸುತ್ತಿರುವವಳು. ಸಾಗರದ ಸರ್ ಬರೆದದ್ದನ್ನೆಲ್ಲ ಒಪ್ಪುತ್ತೇನೆ, ಆದರೆ ಜಾಗಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೊಂದಿದೆ ಎನಿಸುತ್ತದೆ: ಪೋಸ್ಟರ್‌ನಲ್ಲಿ ಕಾಣುವ ಹೆಣ್ಣು ಯಾರು?

ಪ್ರದರ್ಶನ ಅಕ್ಕನದು. ಶಿಕಾರಿಪುರ ತಾಲ್ಲೂಕಿನ ಉಡುತಡಿಯಿಂದ ಅರಮನೆ, ಒಡವೆ, ಉಡುಗೆಗಳನ್ನೆಲ್ಲ ಕಳಚಿಟ್ಟು, ಕೂದಲನ್ನೇ ಹೊದ್ದು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದವಳೆಂದು ನಾವೆಲ್ಲ ನಂಬಿರುವ ಆಕೆಯ ವಚನಗಳನ್ನು ನರ್ತಿಸುವವರನ್ನು ರಾಕಡಿ, ಜಡೆಬಿಲ್ಲೆ, ಡಾಬು, ಮುತ್ತಿನ ಸರಗಳಲ್ಲಿ ನಿಲ್ಲಿಸಿದರೆ, ಚಿತ್ರ ಎಷ್ಟೇ ಅಂದವಾಗಿದ್ದರೂ ಅದು ಬೇರೆ ಪ್ರದರ್ಶನದ ಚಿತ್ರವಾಗುತ್ತದೆ. ಜೊತೆಗೆ 12ನೆಯ ಶತಮಾನದ ಅಕ್ಕನ ಹಿಂದೆ 16ನೆಯ ಶತಮಾನದಲ್ಲಿ ನಾಯಕ ಅರಸರು ಕಟ್ಟಿಸಿದ ಇಕ್ಕೇರಿಯ ದೇವಾಲಯ ಬಂದರೆ, ಕುವೆಂಪು ರಂಗಮಂದಿರದ ಮೊದಲ ಸಾಲಿನಲ್ಲಿ ಕೂರುವ ನಿವೃತ್ತ ಇತಿಹಾಸದ ಮೇಷ್ಟ್ರುಗಳು ಸುಮ್ಮನಿರುತ್ತಾರೆಯೇ? ಕಲ್ಲಿನ ಹಿನ್ನೆಲೆ ಬೇಕೇ ಬೇಕೆಂದಾದರೆ ಬಳ್ಳಿಗಾವಿಯ ಕೇದಾರೇಶ್ವರ ಕಾಲಕ್ಕೂ ಹತ್ತಿರ, ಉಡುತಡಿಗೂ ಹತ್ತಿರ. ಆದರೆ ಅಲ್ಲಿಯೂ ಅನುಮತಿಯ ನಿಯಮ ಅದೇ, ಮಳೆಯೂ ಅದೇ.

ಜಿಗಿತದ ಚಿತ್ರದ ಬಗ್ಗೆಯೂ ಇದೇ ಮಾತು. ನೃತ್ತದ, ಅಂದರೆ ಕಥೆ, ಭಾವಗಳಿಲ್ಲದ ಶುದ್ಧ ಲಯದ ಕುಣಿತದ, ಜಿಗಿತ ಕಣ್ಣು ಸೆಳೆಯುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ವಚನಗಳ ಪ್ರದರ್ಶನದಲ್ಲಿ ಮುಕ್ಕಾಲು ಪಾಲು ಅಭಿನಯವೇ ಇರುವುದಾದರೆ, ಹಾರುವ ಚಿತ್ರವನ್ನು ನೋಡಿ ಬಂದವರು ಅರ್ಧ ಗಂಟೆಯಲ್ಲಿ ಮೊಬೈಲ್ ತೆಗೆಯುತ್ತಾರೆ. ದಯವಿಟ್ಟು ಕ್ಯಾಮೆರಾ ಇಲ್ಲದೆ ಒಮ್ಮೆ ಪೂರ್ತಿ ಅಭ್ಯಾಸವನ್ನು ಕುಳಿತು ನೋಡಿ. ಎಲ್ಲಿ ನಿಮ್ಮ ಉಸಿರು ನಿಂತಿತೋ ಆ ಜಾಗವನ್ನು ಕಲಾವಿದೆಗೆ ಹೇಳಿ.

ಗುರುಗಳು ಮೂವತ್ತನ್ನೂ ಬದಿಗಿಟ್ಟದ್ದಕ್ಕೆ ಬೇಸರಿಸಬೇಡಿ. ನಿಮಗೆ ಸುಂದರವಾಗಿ ಕಂಡದ್ದು ಬಹುಶಃ ಚಲನೆಯ ನಡುವಿನ ಕ್ಷಣಗಳು, ಸೆರಗು ಹಾರುತ್ತಿರುವುದು, ಕೈ ಬರುತ್ತಿರುವುದು. ನಮಗೆ ಕೈ ಬಂದು ನಿಂತಿರಬೇಕು. ಗುರುಗಳು ಮಣೆಯ ಮೇಲೆ ಕೋಲು ತಟ್ಟುತ್ತಾ ಜತಿ (ಕುಣಿತದ ಲಯದ ಸೊಲ್ಲುಗಳು) ಹೇಳುವಾಗ ಅದರ ಕೊನೆಯಲ್ಲಿ ‘ತದಿಂಗಿಣತೋಂ’ ಎಂದು ಮೂರು ಬಾರಿ ಬರುತ್ತದೆ, ಮೂರನೆಯ ‘ತೋಂ’ ಮೇಲೆ ಇಡೀ ದೇಹ ಒಂದು ರೇಖೆಗೆ ಬಂದು ಕೂಡುತ್ತದೆ. ‘ತೋಂ’ ಕೇಳಿದ ಮೇಲೆ ಬೆರಳು ಒತ್ತಿದರೆ ತಡವಾಯಿತು. ‘ಣ’ ಎಂಬಲ್ಲಿಯೇ ಒತ್ತಲು ಹೊರಡಬೇಕು. ನಾಲ್ಕು ಸಲ ನೀವೂ ಗುರುಗಳ ಜೊತೆ ಬಾಯಲ್ಲಿ ಹೇಳಿಕೊಂಡರೆ ತಾನಾಗಿ ಬರುತ್ತದೆ. ಮಂಗಳಾಷ್ಟಕದ ಲಯ ತಿಳಿದು ಅಕ್ಷತೆ ಬೀಳುವ ಕ್ಷಣವನ್ನು ಹಿಡಿಯುವವರಿಗೆ ಇದೇನೂ ಕಷ್ಟವಲ್ಲ.

ಅಭಿನಯದ ಚಿತ್ರಗಳಲ್ಲಿ ಹಸ್ತದ ಕೋನ ಮುಖ್ಯ. ಅಕ್ಕ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ನೋಡುವ ಭಂಗಿ ಖಂಡಿತ ಇರುತ್ತದೆ. ಅದನ್ನು ನೇರ ಎದುರಿನಿಂದ ತೆಗೆದರೆ ಅಂಗೈ ಬರಿಯ ಗೆರೆಯಾಗಿ ಗಲ್ಲವನ್ನು ಮುಚ್ಚುತ್ತದೆ. ಒಂದು ಹೆಜ್ಜೆ ನಿಮ್ಮ ಎಡಕ್ಕೋ ಬಲಕ್ಕೋ ಸರಿದು, ಅಂಗೈಗೂ ಕಣ್ಣಿಗೂ ನಡುವಿನ ಖಾಲಿ ಜಾಗ ಕಾಣುವಂತೆ ತೆಗೆಯಿರಿ. ಆ ಜಾಗದಲ್ಲಿಯೇ ಚೆನ್ನಮಲ್ಲಿಕಾರ್ಜುನ ಇರುವುದು. ಹೂ ಬಿಡಿಸುವಂತೆ ಬೆರಳು ಕೂಡಿಸಿದ ಕಟಕಾಮುಖ ಹಸ್ತ ಎದುರಿನಿಂದ ಬರಿ ಮುಷ್ಟಿಯಂತೆ ಕಾಣುತ್ತದೆ, ಅರಳಿದ ತಾವರೆಯಂತೆ ಬೆರಳು ಬಿಡಿಸಿದ ಅಲಪದ್ಮದ ಎಸಳುಗಳು ಕ್ಯಾಮೆರಾದ ಕಡೆಗೆ ತೆರೆದಿದ್ದರೆ ಚೆಂದ. ಬೆರಳ ತುದಿಯಾಗಲಿ ಪಾದವಾಗಲಿ ಅಂಚಿನಲ್ಲಿ ಕತ್ತರಿಸಿ ಹೋದ ಚಿತ್ರವನ್ನು ಯಾವ ಗುರುವೂ ಒಪ್ಪುವುದಿಲ್ಲ.

ಹಳೆಯ ಲೆನ್ಸ್, ಸಾಗರ

ಮೇಡಂ ಬರೆದದ್ದನ್ನು ಓದಿದ ಮೇಲೆ ಒಂದು ಸೇರಿಸಬೇಕಾಗಿದೆ. ಬಿಚ್ಚಿದ ಕಪ್ಪು ಕೂದಲು, ಬಿಳಿ ಅಥವಾ ಕಾವಿ ಸೀರೆ ಎಂದಾದರೆ, ಕಪ್ಪು ಪರದೆಯ ಮುಂದೆ ಕೂದಲು ಪೂರ್ತಿ ಮಾಯವಾಗಿ ಮುಖವೊಂದೇ ತೇಲುವಂತೆ ಕಾಣುತ್ತದೆ. ಎರಡನೆಯ ಫ್ಲ್ಯಾಶನ್ನು ಕಲಾವಿದೆಯ ಹಿಂದೆ, ಒಂದು ಬದಿಗೆ, ತಲೆಗಿಂತ ಎತ್ತರದಲ್ಲಿ ಇಟ್ಟು ಕೂದಲಿನ ಅಂಚಿಗೆ ತೆಳುವಾದ ಬೆಳಕಿನ ಗೆರೆ ಬರುವಂತೆ ನೋಡಿಕೊಳ್ಳಿ; ಅದರ ಬೆಳಕು ನೇರವಾಗಿ ಲೆನ್ಸಿಗೆ ಬಡಿಯದ ಹಾಗೆ ಕಪ್ಪು ರಟ್ಟಿನ ತುಂಡೊಂದನ್ನು ಅಡ್ಡ ಕಟ್ಟಿದರೆ ಸಾಕು. ಕಡುಬೂದು ಪರದೆಯಾದರೆ ಇನ್ನೂ ಸುಲಭ. ಬಿಳಿ ಸೀರೆಯ ನೆರಿಗೆಗಳು ಉಳಿದಿವೆಯೇ ಎಂದು ಪ್ರತಿ ಹತ್ತು ಚಿತ್ರಕ್ಕೊಮ್ಮೆ ಹಿಗ್ಗಿಸಿ ನೋಡಿ, ಏಕೆಂದರೆ ಅಲ್ಲಿ ಸುಟ್ಟುಹೋದ ಬಿಳುಪನ್ನು ಯಾರೂ ಮರಳಿ ತರಲಾರರು.

ಅಚ್ಚಿನಮನೆ, ತೀರ್ಥಹಳ್ಳಿ

ನಾನು ಪೋಸ್ಟರ್ ವಿನ್ಯಾಸ ಮಾಡುವವನು, ನಿಮ್ಮ ಚಿತ್ರಗಳು ಕೊನೆಗೆ ಬಂದು ಬೀಳುವುದು ನನ್ನಂಥವರ ಮೇಜಿನ ಮೇಲೆ. ಎ3 ಹಾಳೆಯನ್ನು ಇಂಚಿಗೆ 300 ಬಿಂದುಗಳಂತೆ ಅಚ್ಚು ಮಾಡಲು 3508×4961 ಪಿಕ್ಸೆಲ್ ಬೇಕು. ನಿಮ್ಮ 24 ಮೆಗಾಪಿಕ್ಸೆಲ್ ಕ್ಯಾಮೆರಾ ಲಂಬವಾಗಿ ಹಿಡಿದಾಗ ಕೊಡುವುದು ಸುಮಾರು 4000×6000. ಅಂದರೆ ಕತ್ತರಿಸಿ ಹಿಗ್ಗಿಸಲು ಹೆಚ್ಚಿನ ಅವಕಾಶವಿಲ್ಲ. ಅಡ್ಡ ಚಿತ್ರವನ್ನು ಕೊಟ್ಟು ‘ಉದ್ದಕ್ಕೆ ಮಾಡಿಕೊಳ್ಳಿ’ ಎಂದರೆ 300 ಬಿಂದು ಇದ್ದದ್ದು 240ಕ್ಕೆ ಇಳಿಯುತ್ತದೆ. ಲಂಬಕ್ಕೆ ಒಂದು, ಅಡ್ಡಕ್ಕೆ ಒಂದು ಬೇರೆ ಬೇರೆಯಾಗಿಯೇ ತೆಗೆದುಬಿಡಿ.

ಅಕ್ಷರಕ್ಕೆ ಜಾಗ ಬಿಡಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಕನ್ನಡದ ಅಕ್ಷರಕ್ಕೆ ಜಾಗ ಬಿಡುವುದು ಬೇರೆಯೇ ಸಂಗತಿ. ‘ಚೆನ್ನಮಲ್ಲಿಕಾರ್ಜುನ’ ಎಂದು ದಪ್ಪಕ್ಷರದಲ್ಲಿ ಬರೆದು ನೋಡಿ: ಗುಡಿಸು, ಏತ್ವಗಳು ಮೇಲೆ ಏಳುತ್ತವೆ, ನಾವತ್ತು, ಲಾವತ್ತುಗಳು ಕೆಳಗೆ ಇಳಿಯುತ್ತವೆ. ಎತ್ತಿದ ಕೈಯ ಬೆರಳಿಗೂ ಹಾಳೆಯ ಅಂಚಿಗೂ ನಡುವೆ ನೀವು ಬಿಟ್ಟ ಎರಡಂಗುಲದಲ್ಲಿ ಅದು ಹಿಡಿಯುವುದಿಲ್ಲ. ಕಲಾವಿದೆಯ ದೃಷ್ಟಿ ಹರಿಯುವ ಬದಿಯಲ್ಲಿ ಚೌಕಟ್ಟಿನ ಮೂರನೆಯ ಒಂದು ಭಾಗವನ್ನಾದರೂ ಖಾಲಿ ಬಿಡಿ.

ಹಕ್ಕಿನ ವಿಷಯ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವರೇ ಮೊದಲ ಹಕ್ಕುದಾರರು. ಚಿತ್ರ ತೆಗೆದವರು ತಾವೆಂದು ಹೇಳಿಕೊಳ್ಳುವ ಅಧಿಕಾರ 57ನೆಯ ಕಲಮಿನಡಿ ನಿಮ್ಮಲ್ಲಿಯೇ ಉಳಿಯುತ್ತದೆ. ನಿಮ್ಮ ಜಾಹೀರಾತಿಗೆ ಆ ಚಿತ್ರಗಳನ್ನು ಬಳಸಿಕೊಳ್ಳುವ ಆಸೆಯಿದ್ದರೆ ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಗುರುಗಳ ಅಭ್ಯಾಸದ ಕೊಠಡಿಯಲ್ಲಿ ಕೆಲಸ ಮುಗಿಯಿತು. ಅದಕ್ಕೆ ಮೊದಲು ಎರಡು ಸಂಜೆ ಬರಿಗೈಯಲ್ಲಿ ಕುಳಿತು ನೋಡಿದೆ. ಇಕ್ಕೇರಿಯನ್ನೂ ಒಡವೆಗಳನ್ನೂ ಕಲಾವಿದೆಯೊಡನೆ ಮಾತನಾಡಿ ಕೈಬಿಟ್ಟೆವು. ಒಡವೆ ಬೇಡವೆಂಬ ಮಾತು ಅವರ ಮನಸ್ಸಿನಲ್ಲಿ ಮೊದಲೇ ಇತ್ತಂತೆ, ಪೋಸ್ಟರ್ ಎಂದರೆ ಹಾಗೆಯೇ ಇರಬೇಕೇನೋ ಎಂದು ನನಗೆ ಹೇಳಿರಲಿಲ್ಲವಂತೆ. ದಂತದ ಬಣ್ಣದ ಸೀರೆ, ಬಿಚ್ಚಿದ ಕೂದಲು, ಹಣೆಯಲ್ಲಿ ವಿಭೂತಿ, ಕಾಲಿಗೆ ಗೆಜ್ಜೆ, ಇಷ್ಟೇ. ನಡುವೆ ಎರಡು ಸಲ ಕರೆಂಟು ಹೋಯಿತು, ಫ್ಲ್ಯಾಶ್‌ಗಳು ಬ್ಯಾಟರಿಯವಾದ್ದರಿಂದ ತೊಂದರೆಯಾಗಲಿಲ್ಲ.

ಗುರುಗಳು ನನ್ನ ಪಕ್ಕದಲ್ಲಿಯೇ ಕುಳಿತು ಕ್ಯಾಮೆರಾದ ಪರದೆಯಲ್ಲಿ ನೋಡುತ್ತಾ ಅಲ್ಲಲ್ಲಿಯೇ ತಿದ್ದಿದರು. ನಾನು ಒಂದು ಚಿತ್ರವನ್ನು ಬಹಳ ಮೆಚ್ಚಿದಾಗ ಅವರು ಹಿಗ್ಗಿಸಿ, ಎಡಗೈಯ ಕಿರುಬೆರಳು ಮಾತ್ರ ಸಡಿಲವಾಗಿರುವುದನ್ನು ತೋರಿಸಿದರು. ಈಗ ನನಗೆ ಬೇರೇನೂ ಕಾಣುವುದಿಲ್ಲ, ಆ ಕಿರುಬೆರಳೊಂದೇ ಕಾಣುತ್ತದೆ. ಕೊನೆಗೆ ಇಷ್ಟಲಿಂಗವನ್ನು ನೋಡುವ ಭಂಗಿಯ ಲಂಬ ಚಿತ್ರವೊಂದನ್ನು ಪೋಸ್ಟರ್‌ಗೂ, ನಡೆದುಹೋಗುವ ಭಂಗಿಯ ಅಡ್ಡ ಚಿತ್ರವೊಂದನ್ನು ಆಹ್ವಾನಪತ್ರಿಕೆಗೂ ಒಪ್ಪಿದ್ದಾರೆ. ಉಳಿದಿರುವ ಪ್ರಶ್ನೆ ಒಂದೇ: ಪತ್ರಿಕೆಗಳಿಗೆ ಇವುಗಳಲ್ಲಿ ಯಾವುದನ್ನು ಕಳುಹಿಸಲಿ?

ಅಚ್ಚಿನಮನೆ, ತೀರ್ಥಹಳ್ಳಿ

ಎರಡನ್ನೂ ಬೇಡ. ಸ್ಥಳೀಯ ಪುಟದಲ್ಲಿ ನಿಮಗೆ ಸಿಗುವುದು ಒಂದು ಕಾಲಂ, ಹೆಚ್ಚೆಂದರೆ ಎರಡು, ಅದೂ ಅನೇಕ ವೇಳೆ ಕಪ್ಪು ಬಿಳುಪಿನಲ್ಲಿ. ಪೂರ್ಣ ದೇಹದ ಚಿತ್ರ ಅಲ್ಲಿ ಬೆಂಕಿಕಡ್ಡಿಯಷ್ಟಾಗುತ್ತದೆ, ಕೂದಲಿನ ಗೆರೆಬೆಳಕು ನ್ಯೂಸ್‌ಪ್ರಿಂಟ್‌ನಲ್ಲಿ ಉಳಿಯುವುದಿಲ್ಲ. ಮುಖ ಮತ್ತು ಆ ಅಂಗೈ ಮಾತ್ರ ಇರುವ ಹತ್ತಿರದ ಚಿತ್ರವೊಂದನ್ನು, ತಿಳಿಬೂದು ಹಿನ್ನೆಲೆಯಲ್ಲಿ, ಇನ್ನೊಮ್ಮೆ ಹೋಗಿ ತೆಗೆದುಕೊಂಡು ಬನ್ನಿ. ಹೋಗುವಾಗ ಗುರುಗಳಿಗೆ ಮೊದಲೇ ಫೋನ್ ಮಾಡಿ, ಕಿರುಬೆರಳನ್ನು ನೋಡಲು ಅವರು ಇರಲೇಬೇಕಲ್ಲವೇ.