ಮಗುವಿನ ಹಾಗೆ ನಂಬುವುದು ಅಂದರೆ ಪ್ರಶ್ನೆ ಕೇಳಬಾರದು ಅಂತಲೇ?

ಡೊಂಬಿವಲಿಯಿಂದ:
ಎಲ್ಲರಿಗೂ ವಂದನೆ. ನಮ್ಮದು ಉಡುಪಿ ಕಡೆ. 11 ವರ್ಷದಿಂದ ಇಲ್ಲಿ, ಮುಂಬೈ ಹತ್ತಿರ ಇದ್ದೇವೆ. ಮಾರ್ಚ್‌ನಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಇನ್ನೂ ಏಳುತ್ತಿಲ್ಲ. ಪ್ರಾರ್ಥನಾ ಕೂಟದಲ್ಲಿ "ಅಮ್ಮನಿಗೇ ಯಾಕೆ ಹೀಗಾಯ್ತು" ಅಂತ ಅತ್ತುಬಿಟ್ಟೆ. ಹಿರಿಯರೊಬ್ಬರು "ಚಿಕ್ಕ ಮಗುವಿನ ಹಾಗೆ ನಂಬಮ್ಮ, ಪ್ರಶ್ನೆ ಮಾಡಬೇಡ" ಅಂದರು. ಪ್ರೀತಿಯಿಂದಲೇ ಹೇಳಿದರು. ಆದರೆ ಆವತ್ತಿನಿಂದ ಬೈಬಲಿನ ಮಾರ್ಕ 10:15 ಓದಿದರೆ ಭಯವಾಗುತ್ತದೆ. ಮಗುವಿನಂತೆ ಅಂಗೀಕರಿಸದವರು ದೇವರ ರಾಜ್ಯಕ್ಕೆ ಸೇರುವುದೇ ಇಲ್ಲ ಅಂತ ಅಲ್ಲಿದೆಯಲ್ಲ.

ನನ್ನ ಮಗಳಿಗೆ 5 ವರ್ಷ. ಸ್ಲೋ ಲೋಕಲ್ ರೈಲಿನಲ್ಲಿ ದಾದರ್ ಬರುವ ತನಕ ಬಾಯಿ ಮುಚ್ಚುವುದಿಲ್ಲ. ಮುಂಬ್ರಾ ಹತ್ತಿರ ಖಾಡಿ (ಸಮುದ್ರದ ಹಿನ್ನೀರು) ಕಂಡರೆ ನೀರು ಯಾಕೆ ಕಪ್ಪು, ಅಜ್ಜಿಯ ಕೈ ಯಾಕೆ ಮಲಗೇ ಇದೆ. ಮಕ್ಕಳು ಹೀಗೇ ಅಲ್ವಾ? ಹಾಗಾದರೆ ಯೇಸು ಯಾವ ಮಗುವಿನ ಮಾತು ಹೇಳಿದ್ದು?

ಕುರ್ಲಾದಿಂದ:
ತಂಗಿ, ಇದೇ ಸಂಗತಿಯನ್ನು ಲೂಕ 18ರಲ್ಲಿ ಓದಿ ನೋಡು. ಅಲ್ಲಿ ಲೂಕ ಬಳಸಿದ ಗ್ರೀಕ್ ಮಾತು ಎಳೆಗೂಸಿಗೆ ಹೇಳುವುದು. ಎಳೆಗೂಸಿಗೆ ನಂಬಿಕೆಯ ಲೆಕ್ಕವೇ ಗೊತ್ತಿಲ್ಲ. ಅದು ತಾನಾಗಿ ಬಂದೂ ಇಲ್ಲ, ಯಾರೋ ಯೇಸುವಿನ ಹತ್ತಿರ ಎತ್ತಿಕೊಂಡು ಬಂದರು. ಹಾಗೆ ತಂದವರನ್ನು ಶಿಷ್ಯರು ಗದರಿಸಿದಾಗ ಯೇಸುವಿಗೆ ಸಿಟ್ಟು ಬಂತು ಅಂತ ಮಾರ್ಕ ಬರೆಯುತ್ತಾನೆ. ಸಿಟ್ಟು ಬಂದದ್ದು ತಡೆದವರ ಮೇಲೆ.

ಲೂಕನಲ್ಲಿ ಅದರ ಹಿಂದಿನ ಕಥೆ ತೆರಿಗೆ ವಸೂಲಿ ಮಾಡುವ ಸುಂಕದವನದು. ದೂರ ನಿಂತು, ಎದೆ ಬಡಿದುಕೊಂಡು, ಕರುಣಿಸು ಅಂದ, ಅಷ್ಟೇ. ಮುಂದಿನದು ತುಂಬ ಆಸ್ತಿ ಇದ್ದವನದು, ಎಲ್ಲ ಮಾರಿ ಬಡವರಿಗೆ ಕೊಡು ಅಂದಾಗ ಅವನು ದುಃಖಪಟ್ಟ. ನಡುವೆ ಬರಿಗೈ ಕೂಸು. ನನಗೆ ಕಾಣುವುದು ಆ ಬರಿಗೈ. ಬಾಯಿ ಮುಚ್ಚಿಕೋ ಅನ್ನುವ ಮಾತು ಅಲ್ಲೆಲ್ಲೂ ಇಲ್ಲ.

ಮುಲುಂಡ್‌ನಿಂದ:
ಅಣ್ಣ ಹೇಳಿದ್ದು ಸರಿ. ಆದರೂ ಒಂದು ಮಾತು. ಅಪೊಸ್ತಲ ಪೌಲನು ತನ್ನ ಪತ್ರದಲ್ಲಿ, 1 ಕೊರಿಂಥ 14:20ರಲ್ಲಿ, ಬುದ್ಧಿಯಲ್ಲಿ ಬಾಲಕರಾಗಬೇಡಿ ಅನ್ನುತ್ತಾನೆ. ಹಾಗಾಗಿ ಯೋಚಿಸುವುದು ತಪ್ಪಲ್ಲ. ಆದರೆ ನಾನು ವರ್ಷಗಟ್ಟಲೆ ಪ್ರಶ್ನೆಗಳನ್ನೇ ಮುಂದೆ ಮಾಡಿಕೊಂಡು ಪ್ರಾರ್ಥನೆ ಬಿಟ್ಟಿದ್ದೆ. ನೀವು ಅಳುತ್ತಾ ಕೇಳಿದ್ದು ಬೇರೆ, ಅಕ್ಕ. ನೀವು ದೇವರ ಹತ್ತಿರವೇ ಕೇಳಿದಿರಿ.

ವಾಶಿಯಿಂದ:
ನಾನು ನರ್ಸ್, ಇಬ್ಬರು ಮಕ್ಕಳ ತಾಯಿ. 131ನೇ ಕೀರ್ತನೆಯಲ್ಲಿ ಮೊಲೆ ಬಿಡಿಸಿದ ಮಗು ಬರುತ್ತದೆ. ನನ್ನ ದೊಡ್ಡವನಿಗೆ ಹಾಲು ಬಿಡಿಸಲು ಬೇವು ಹಚ್ಚಿದ್ದೆ. ಮೂರು ರಾತ್ರಿ ಕಿರುಚಿದ. ನಾಲ್ಕನೇ ರಾತ್ರಿ ಏನೂ ಕೇಳದೆ ಎದೆಗೆ ಒರಗಿ ಮಲಗಿದ. ಆ ಕೀರ್ತನೆಯ ಸಮಾಧಾನ ಅಂಥದ್ದು ಅಂತ ನನಗನ್ನಿಸುತ್ತದೆ. ಅತ್ತ ಮೇಲೆ ಬಂದದ್ದು. ಕೀರ್ತನೆಗಳ ಮೂಲ ಭಾಷೆ ಹೀಬ್ರೂನಲ್ಲಿ ಕರುಣೆಗೆ 'ರಹಮೀಮ್', ಗರ್ಭಕ್ಕೆ 'ರೆಹೆಮ್', ಎರಡೂ ಒಂದೇ ಬೇರಿನವು. ಅಳುವ ಮಗುವನ್ನು ತಾಯಿ ದೂರ ಇಡುತ್ತಾಳಾ, ಅಕ್ಕ?

13ನೇ ಕೀರ್ತನೆಯನ್ನೂ ಓದಿ. "ಎಲ್ಲಿಯವರೆಗೆ" ಅಂತ ದೇವರನ್ನು ನಾಲ್ಕು ಸಲ ಕೇಳುತ್ತದೆ.

ಡೊಂಬಿವಲಿಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ಸುಂಕದವನನ್ನೂ ಕೂಸನ್ನೂ ಒಟ್ಟಿಗೆ ಯಾವತ್ತೂ ಓದಿರಲಿಲ್ಲ. ನಿನ್ನೆ ದಾದರ್ ಸೇತುವೆ ಮೆಟ್ಟಿಲಲ್ಲಿ ಜನ ಜಾಸ್ತಿ. ಮಗಳು "ಇನ್ನೂ ಎಷ್ಟು ಮೆಟ್ಟಿಲು?" ಅಂತ ಕೇಳುತ್ತಲೇ ಎರಡೂ ಕೈ ಮೇಲೆತ್ತಿದಳು. ಎತ್ತಿಕೊಂಡೆ. ಮೇಲೆ ಹತ್ತುವ ತನಕ ಕೇಳುತ್ತಲೇ ಇದ್ದಳು.

ಇವತ್ತು ರಾತ್ರಿ ಅಮ್ಮನಿಗೆ 13ನೇ ಕೀರ್ತನೆ ಓದಿ ಹೇಳುತ್ತೇನೆ.