ಜಂಟಿ ಸೊಪ್ಪಿನ ಬೆಟ್ಟದ ತಕರಾರು: ಸ್ಕಾಟ್ಲೆಂಡಿನ ಹಾಗೆ ಪಾಲು ಮಾಡಿಕೊಳ್ಳಲಿಕ್ಕೆ ಬರುತ್ತದಾ?

ಅಗಳದಂಚು (ಶಿರಸಿ)

ವಿಷಯ ಹೀಗಿದೆ. ಒಂದೇ ಸರ್ವೆ ನಂಬರು, 27 ಎಕರೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು, ಒಣ ಎಲೆ ತರಲು ಬಿಟ್ಟುಕೊಟ್ಟ ಕಾಡು), ಮೂರು ಅಡಿಕೆ ತೋಟಗಳಿಗೆ ಜಂಟಿ. ತೋಟದ ಕ್ಷೇತ್ರ 1 ಎಕರೆ 20 ಗುಂಟೆ, 1 ಎಕರೆ, 20 ಗುಂಟೆ. ಪಹಣಿಯಲ್ಲಿ ಮೂರೂ ಖಾತೆಯ ಹೆಸರಿದೆ, ಯಾರಿಗೆ ಎಷ್ಟು ಅಂತ ಇಲ್ಲ. ದೊಡ್ಡ ತೋಟದವರು ಜೆಸಿಬಿ ತರಿಸಿ ಅಗಳ (ಕಂದಕ) ಹೊಡೆಸಿ ಉಣಗೋಲು (ಅಡ್ಡಗಳುಗಳ ಗೇಟು) ಹಾಕಿದ್ದಾರೆ. ಅಗಳದ ಒಳಗೆ ಅಂದಾಜು 20 ಎಕರೆ ಸೇರಿಹೋಗಿದೆ. ಸಣ್ಣ ತೋಟದವರು ದರಕು (ಉದುರಿದ ಒಣ ಎಲೆ) ಗುಡಿಸಲು ಹೋದಾಗ ತಳ್ಳಾಟವಾಗಿ, ಸೊಪ್ಪಿನ ಕತ್ತಿ ತಗುಲಿ ಒಬ್ಬರ ಮುಂಗೈಗೆ ನಾಲ್ಕು ಹೊಲಿಗೆ. ಈಗ ಎರಡೂ ಕಡೆಯಿಂದ ದೂರು.

ಸ್ಕಾಟ್ಲೆಂಡಿನಲ್ಲಿ ಭೂಮಾಲೀಕರು ಸಾಮಾನ್ಯ ಗುಡ್ಡಕ್ಕಾಗಿ ಹೀಗೇ ಹೊಡೆದಾಡುತ್ತಿದ್ದರು, 1695ರಲ್ಲಿ ಕಾಯ್ದೆ ಮಾಡಿ ಪಾಲು ಹಂಚಿ ಮುಗಿಸಿದರು ಅಂತ ಓದಿದ ನೆನಪು. ಇಲ್ಲಿಯೂ ಕೋರ್ಟಿನ ಮೂಲಕ ಪಾಲು ಕೇಳಬಹುದಾ? ಮೊದಲು ಸರ್ವೆಯೋ, ಕೇಸೋ?

ಹಳೆ ಟಿಪ್ಪಣಿ

ಮೊದಲು ಕಾಗದ, ಆಮೇಲೆ ಸರ್ವೆ. ಎಲ್ಲರೂ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಬೆಟ್ಟದ ಭೂಮಿ ಸರ್ಕಾರದ್ದು. ತೋಟದವರಿಗೆ ಇರುವುದು ಸೊಪ್ಪು, ದರಕು, ಮನೆಬಳಕೆಯ ಕಟ್ಟಿಗೆ ತರುವ ಸವಲತ್ತು ಮಾತ್ರ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 79ನೇ ಕಲಮಿನಲ್ಲಿ ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ, ಜಮ್ಮಾ ಎಂಬ ಇಂಥದೇ ಸವಲತ್ತಿನ ಭೂಮಿಗಳ ಜೊತೆಗೆ ಉತ್ತರ ಕನ್ನಡದ ಬೆಟ್ಟ, ಹಾಡಿಗಳ ಹೆಸರಿದೆ. ಅಲ್ಲಿ ಮುಂದುವರಿಸಿದ್ದು ಸವಲತ್ತನ್ನು, ಮಾಲಕಿಯನ್ನಲ್ಲ. ಹಾಗಾಗಿ ಮಾಲಕಿ ಪಾಲಿನ ದಾವೆ ಹಾಕಿದರೆ ಮೊದಲ ದಿನವೇ ಸರ್ಕಾರಿ ವಕೀಲರ ಕೈಗೆ ಬೆಲ್ಲ ಕೊಟ್ಟ ಹಾಗೆ.

ತೆಗೆಸಬೇಕಾದ ಕಾಗದ: ಬೆಟ್ಟದ ನಂಬರಿನ ಪಹಣಿ, ಗಣಕೀಕರಣಕ್ಕೂ ಹಿಂದಿನ ಕೈಬರಹದ ಪಹಣಿ, ಬೆಟ್ಟ ಬಿಟ್ಟುಕೊಟ್ಟ ಮೂಲ ಆದೇಶ, ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಮೂಲ ಸರ್ವೆಯ ಅಳತೆ ಬರೆದ ನಕ್ಷೆ), ಗ್ರಾಮ ನಕಾಶೆ. ಪಹಣಿಯ 9ನೇ ಕಲಮಿನಲ್ಲಿ (ಮಾಲೀಕರ ಹೆಸರು) ಏನಿದೆ, 11ನೇ ಕಲಮಿನಲ್ಲಿ (ಇತರ ಹಕ್ಕು, ಋಣ) ಏನಿದೆ ಎಂದು ಬೇರೆ ಬೇರೆ ನೋಡಿ. ಕೆಲವು ಬೆಟ್ಟಗಳಿಗೆ ‘ಬ’ ಖರಾಬ್ (ಸಾರ್ವಜನಿಕ ಬಳಕೆಗೆ ಕಾಯ್ದಿಟ್ಟ ಜಾಗ) ಎಂದು ನಮೂದಾಗಿರುತ್ತದೆ. ಹಾಗಿದ್ದರೆ ಪಕ್ಕದವರ ಜಗಳಕ್ಕಿಂತ ಮೊದಲು ಅದನ್ನು ಸರಿಮಾಡಿಸುವುದೇ ಮೂವರ ಕೆಲಸ.

ಪ್ರಮಾಣದ ಲೆಕ್ಕ ಸುಲಭ. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ನೀವು ಹೇಳಿದ ಮೂರು ತೋಟ ಸೇರಿ 3 ಎಕರೆ, ಬೆಟ್ಟ 27. ಅಂದರೆ ಪೂರ್ತಿ ಲೆಕ್ಕದಲ್ಲೇ ಬಿಟ್ಟಿದ್ದಾರೆ. ತೋಟಕ್ಕೆ ತಕ್ಕಂತೆ 13 ಎಕರೆ 20 ಗುಂಟೆ, 9 ಎಕರೆ, 4 ಎಕರೆ 20 ಗುಂಟೆ. ಅಗಳದೊಳಗೆ 20 ಎಕರೆ ಇದ್ದರೆ 6 ಎಕರೆ 20 ಗುಂಟೆ ಹೆಚ್ಚು ಸೇರಿದೆ. ಆದರೆ ಈ ‘ಅಂದಾಜು 20’ ಎಲ್ಲಿಂದ ಬಂತು? ಮೊಬೈಲಿನ ದಿಶಾಂಕ್ (ಸರ್ವೆ ನಂಬರು ತೋರಿಸುವ ಆ್ಯಪ್) ನೋಡಿ ಹೇಳಿದ್ದಾದರೆ ಬಿಟ್ಟುಬಿಡಿ. ಯಾವ ನಂಬರಿನಲ್ಲಿ ನಿಂತಿದ್ದೇವೆ ಎಂದು ತಿಳಿಯಲು ಅದು ಸಾಕು, ಗಡಿ ಹೇಳಲು ಸಾಲದು. ಬಯಲಿನಲ್ಲೇ ಮೊಬೈಲು ಐದು ಮೀಟರು ಆಚೀಚೆ ತೋರಿಸುತ್ತದೆ, ಮರದಡಿಯಲ್ಲಿ ಇನ್ನೂ ಹೆಚ್ಚು.

ಸರ್ವೆಗೆ ಹದ್ದುಬಸ್ತು (ಗಡಿ ಗುರುತಿಸುವ) ಅರ್ಜಿ. ನಾಡಕಚೇರಿಯಲ್ಲಿ ಸರ್ವೆ ಇಲಾಖೆಯ ಮೋಜಿಣಿ ತಂತ್ರಾಂಶಕ್ಕೆ ಏರಿಸುತ್ತಾರೆ. ಅರ್ಜಿಯಲ್ಲಿ ಮೂರೂ ಖಾತೆದಾರರನ್ನು, ಸುತ್ತಲಿನ ನಂಬರಿನವರನ್ನು ಕಾಣಿಸಿ. ಅರಣ್ಯ ಇಲಾಖೆಗೂ ನೋಟಿಸು ಹೋಗಲಿ. ಅವರಿಲ್ಲದೆ ಅಳೆದ ಗಡಿಯನ್ನು ಅವರು ಒಪ್ಪುವುದಿಲ್ಲ, ಮತ್ತೆ ಅಳೆಸಬೇಕಾಗುತ್ತದೆ.

ಅಳತೆ ಎಲ್ಲಿ ತಪ್ಪುತ್ತದೆ ಅಂದರೆ ಇಳಿಜಾರಿನಲ್ಲಿ. ಟಿಪ್ಪಣಿಯ ಅಳತೆ ಸರಪಳಿ, ಆಣೆಯಲ್ಲಿದೆ: 1 ಸರಪಳಿ 33 ಅಡಿ, 16 ಆಣೆ; 1 ಆಣೆ ಅಂದರೆ 2 ಅಡಿ ಮುಕ್ಕಾಲು ಇಂಚು. ಇದು ಮಟ್ಟಸ ದೂರ. ಟೇಪನ್ನು ನೆಲಕ್ಕೆ ಹಾಸಿ 20 ಡಿಗ್ರಿ ಇಳಿಜಾರಿನಲ್ಲಿ 33 ಅಡಿ ಅಳೆದರೆ ನಿಜವಾದ ದೂರ 31 ಅಡಿ. ಹತ್ತು ಸರಪಳಿ ಹೋಗುವಷ್ಟರಲ್ಲಿ 20 ಅಡಿ ಹೋಯಿತು! ‘ಕಲ್ಲು ಕಿತ್ತು ಸರಿಸಿದ್ದಾರೆ’ ಎಂಬ ಆರೋಪಗಳಲ್ಲಿ ಎಷ್ಟೋ ಇದೇ. ಟೇಪನ್ನು ಮೆಟ್ಟಿಲು ಮೆಟ್ಟಿಲಾಗಿ ಮಟ್ಟಕ್ಕೆ ಹಿಡಿದು, ತುದಿಯಿಂದ ತೂಗುಗುಂಡು ಇಳಿಬಿಟ್ಟು ಅಳೆಯಬೇಕು. ಯಂತ್ರ ತಂದರೆ ಮಟ್ಟಸ ದೂರವನ್ನೇ ಬರೆದುಕೊಳ್ಳುತ್ತಿದ್ದಾರಾ ನೋಡಿಕೊಳ್ಳಿ.

ಮತ್ತೆ ಆ ಅಗಳ. ಅನುಮತಿಯಿಲ್ಲದೆ ಬೆಟ್ಟದಲ್ಲಿ ಜೆಸಿಬಿ ಇಳಿಸಿದ್ದೇ ಅರಣ್ಯ ಮೊಕದ್ದಮೆಗೆ ದಾರಿ. ಮರ ಉರುಳಿದ್ದರಂತೂ ಕೇಳುವುದೇ ಬೇಡ. ಹಾಗಂತ ಎದುರಿನವರು ಸಿಟ್ಟಿನಲ್ಲಿ ಅಗಳ ಮುಚ್ಚಲು ಹೋಗಬೇಡಿ. ಅದು ಸಾಕ್ಷಿ. ಉದ್ದ, ಅಗಲ, ಮಣ್ಣು ಯಾವ ಕಡೆ ಬಿದ್ದಿದೆ ಎಂಬುದು ಪಂಚನಾಮೆಯಲ್ಲಿ ಬರಲಿ.

ಗಡಿಕಲ್ಲು

ಸ್ಕಾಟ್ಲೆಂಡಿನ ವಿಷಯ ಅರ್ಧ ಸರಿ. ಅಲ್ಲಿನ ‘ಕಾಮಂಟಿ’ ಅಂದರೆ ಅಕ್ಕಪಕ್ಕದ ಭೂಮಾಲೀಕರ ಜಂಟಿ ಮಾಲಕಿಯ ಗುಡ್ಡ, ಬಯಲು. ದನ-ಕುರಿ ಮೇಯಿಸುವುದು, ಉರುವಲಿಗೆ ಪೀಟ್ (ಜೌಗಿನಲ್ಲಿ ಕೊಳೆತ ಗಿಡಗಳಿಂದಾದ ಮಣ್ಣು) ಕಡಿಯುವುದು, ಮಾಡಿಗೆ ಹುಲ್ಲುಹೆಂಟೆ ಕೀಳುವುದು ಅಲ್ಲಿನ ಬಳಕೆ. ನಮ್ಮ ದರಕು, ಕರಡ (ಒಣ ಹುಲ್ಲು) ಇದ್ದಂತೆ.

ಹೊಡೆದಾಟಕ್ಕೆ ಕಾರಣ ಬರೀ ಹಟ ಅಲ್ಲ, ಕಾನೂನೂ ಅದಕ್ಕೆ ಗಾಳಿ ಹಾಕುತ್ತಿತ್ತು. 1617ರ ಕಾಯ್ದೆಯಂತೆ ಹಕ್ಕುಪತ್ರದ ಆಧಾರದಲ್ಲಿ 40 ವರ್ಷ ತಡೆಯಿಲ್ಲದೆ ಅನುಭವಿಸಿದರೆ ಹಕ್ಕು ಗಟ್ಟಿ. ಪಕ್ಕದವನು ಗುಡ್ಡದ ಒಂದು ಮೂಲೆ ಉತ್ತು ಗೋಡೆ ಕಟ್ಟಿದಾಗ ಸುಮ್ಮನಿದ್ದರೆ ಆ 40 ವರ್ಷ ಓಡತೊಡಗುತ್ತದೆ. ಅದಕ್ಕೇ ಗೋಡೆ ಕೆಡವುವುದು, ದನ ಹಿಡಿದು ಕಟ್ಟುವುದು. ‘ನಾವು ಒಪ್ಪಿಲ್ಲ’ ಎಂದು ಊರ ಕಣ್ಣೆದುರು ತೋರಿಸುವ ಕ್ರಮ ಅದು. ಪಟ್ಟಣಗಳ ಸಾಮಾನ್ಯ ಭೂಮಿಯ ಜಗಳ ಇನ್ನೂ ರಕ್ತಸಿಕ್ತ. 1541ರಲ್ಲಿ ಸೆಲ್ಕರ್ಕ್ ಪಟ್ಟಣದ ಮುಖ್ಯಸ್ಥ ಮುಥಾಗ್ ಮತ್ತು ಅವನ ಜೊತೆಯ ಅಧಿಕಾರಿ ಕೀನ್, ಪಟ್ಟಣದ ಭೂಮಿಯ ಹಕ್ಕಿನ ಪರವಾಗಿ ಎಡಿನ್‌ಬರೋಗೆ ಹೊರಟಾಗ ದಾರಿಯಲ್ಲೇ ಕೊಲೆಯಾದರು. ಆ ಊರಿನಲ್ಲಿ ಇಂದಿಗೂ ಪ್ರತಿ ಜೂನಿನಲ್ಲಿ ಕುದುರೆ ಏರಿ ಗಡಿ ಸುತ್ತುತ್ತಾರೆ.

1695ರ ಕಾಯ್ದೆ ಏನು ಮಾಡಿತು? ಯಾವನೇ ಒಬ್ಬ ಪಾಲುದಾರ ‘ಕೋರ್ಟ್ ಆಫ್ ಸೆಷನ್’ಗೆ (ಸ್ಕಾಟ್ಲೆಂಡಿನ ಉನ್ನತ ಸಿವಿಲ್ ಕೋರ್ಟು; ನಮ್ಮ ಸೆಷನ್ಸ್ ಕೋರ್ಟ್ ಅಲ್ಲ) ಹೋಗಿ ವಿಭಜನೆ ಕೇಳಬಹುದು, ಉಳಿದವರ ಒಪ್ಪಿಗೆ ಬೇಕಿಲ್ಲ. ಪಾಲಿಗೆ ಅಳತೆಗೋಲು ಅವರವರ ಜಮೀನಿನ ಕಂದಾಯ ಮೌಲ್ಯ. ಸಿಕ್ಕ ಪಾಲು ಆದಷ್ಟು ಅವರ ಜಮೀನಿಗೆ ತಾಗಿಕೊಂಡೇ ಇರಬೇಕು. ಪೀಟ್ ಜೌಗನ್ನು ಹಂಚಲಾಗದಿದ್ದರೆ ಅದು ಜಂಟಿಯಾಗಿಯೇ ಉಳಿಯಬೇಕು, ಹೋಗಿಬರುವ ದಾರಿ ಸಮೇತ.

ಆದರೆ ಒಂದು ವಿನಾಯಿತಿ ಇತ್ತು. ರಾಜನ ಮತ್ತು ರಾಜಪಟ್ಟಣಗಳ (ರಾಜನ ಸನದು ಪಡೆದ ಪಟ್ಟಣಗಳ) ಕಾಮಂಟಿಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ನಮ್ಮ ಬೆಟ್ಟ ಸರ್ಕಾರದ್ದು. ಹಾಗಾಗಿ ಆ ಕಾಯ್ದೆಯನ್ನು ಹಾಗೇ ಎತ್ತಿ ಶಿರಸಿಗೆ ತಂದಿಟ್ಟರೂ ಈ 27 ಎಕರೆ ಅದರ ಹೊರಗೇ ಉಳಿಯುತ್ತದೆ!

ಅಗಳದಂಚು

ಸ್ಕೈ ದ್ವೀಪದಲ್ಲಿ ಪೊಲೀಸರಿಗೆ ಕಲ್ಲು ಹೊಡೆದದ್ದೂ ಇದೇ ಕಾಮಂಟಿಗಾ? ಮತ್ತೆ ಪಾಲು ಆಗುವುದಿಲ್ಲ ಅಂದರೆ ಉಳಿದ ದಾರಿ ಏನು ಮಾರಾಯ್ರೆ?

ಗಡಿಕಲ್ಲು

ಅಲ್ಲ, ಅದು ಬೇರೆ. ಸ್ಕೈ ದ್ವೀಪದ ಬ್ರೇಸ್ ಎಂಬಲ್ಲಿ 1882ರ ಏಪ್ರಿಲಿನಲ್ಲಿ ಆದ ಆ ಗಲಾಟೆ ಒಕ್ಕಲುಗಳಿಗೂ ಒಡೆಯನಿಗೂ ನಡೆದದ್ದು. ಬೆನ್ ಲೀ ಗುಡ್ಡದ ಮೇವನ್ನು ಒಡೆಯ ಕಿತ್ತುಕೊಂಡಿದ್ದ, ಒಕ್ಕಲುಗಳು ಗೇಣಿ ನಿಲ್ಲಿಸಿದರು, ಗ್ಲಾಸ್ಗೋದಿಂದ ಸುಮಾರು 50 ಪೊಲೀಸರು ಬಂದರು. 1886ರ ಕಾಯ್ದೆಯಲ್ಲಿ ಒಕ್ಕಲುಗಳಿಗೆ ಭೂಮಿಯ ಭದ್ರತೆ ಬಂತು.

ನಿಮಗೆ ಬೇಕಾದ ಪಾಠ ಇರುವುದು ಆ ಕಡೆಯಲ್ಲೇ. ಅಲ್ಲಿ ಗುಡ್ಡವನ್ನು ಹಂಚದೆ ಬಳಕೆಯನ್ನು ಹಂಚುತ್ತಾರೆ. ಅದಕ್ಕೆ ‘ಸೂಮಿಂಗ್’ ಎನ್ನುತ್ತಾರೆ: ಯಾರು ಎಷ್ಟು ದನ, ಎಷ್ಟು ಕುರಿ ಬಿಡಬಹುದು ಎಂಬ ಮಿತಿ. ಹಳೆಯ ಲೆಕ್ಕ ಚೆನ್ನಾಗಿದೆ: ಚಳಿಗಾಲದಲ್ಲಿ ನಿನ್ನ ಸ್ವಂತ ಮೇವಿನಲ್ಲಿ ಎಷ್ಟು ದನ ಸಾಕಬಲ್ಲೆಯೋ ಬೇಸಿಗೆಯಲ್ಲಿ ಅಷ್ಟನ್ನೇ ಗುಡ್ಡಕ್ಕೆ ಬಿಡು. 1891ರ ಕಾಯ್ದೆಯಿಂದ ಇದಕ್ಕೆ ಮೇವು ಸಮಿತಿಗಳೂ ಬಂದವು.

ದರಕುಬುಟ್ಟಿ

ಬಳಕೆ ಹಂಚುವುದು ಅನ್ನುವುದಕ್ಕೆ ಇಲ್ಲಿನ ರೂಪ ಕೊಡುತ್ತೇನೆ. ಎಕರೆ ಲೆಕ್ಕದಲ್ಲಿ ಮಾತ್ರ ಗೆರೆ ಎಳೆಯಬೇಡಿ. ಮತ್ತಿ, ಕೌಲು, ನೇರಳೆ ಇರುವ 4 ಎಕರೆಯೂ ಬರೀ ಕರಡದ ಬೇಣದ (ಹುಲ್ಲುಗಾವಲಿನ) 4 ಎಕರೆಯೂ ಒಂದೇ ಅಲ್ಲ. ಬೆಟ್ಟವನ್ನು ಹಳ್ಳ, ದಿಬ್ಬ, ಕಾಲುದಾರಿ ನೋಡಿ ಐದಾರು ತುಂಡು ಮಾಡಿ. ಪ್ರತಿ ತುಂಡಿನಲ್ಲಿ 33 ಅಡಿ ಚೌಕದ ಐದು ಜಾಗ ಹಗ್ಗ ಹಾಕಿ ಗುರುತಿಸಿ. ಒಂದೊಂದೂ ಸರಿಯಾಗಿ ಒಂದು ಗುಂಟೆ. ಅದರಲ್ಲಿ ಸೊಪ್ಪಿಗೆ ಬರುವ ಮರ ಎಷ್ಟು, ಯಾವುದು ಎಂದು ಎಣಿಸಿ. ಐದರ ಸರಾಸರಿಯನ್ನು 40ರಿಂದ ಗುಣಿಸಿದರೆ ಎಕರೆಯ ಅಂದಾಜು. ಮೂರೂ ಮನೆಯವರು ಒಟ್ಟಿಗೆ ಎಣಿಸಬೇಕು, ಇಲ್ಲದಿದ್ದರೆ ಎಣಿಕೆಯೇ ಹೊಸ ಜಗಳ. ಆಮೇಲೆ 3:2:1 ಹೊಂದಿಸಿ. ನಿಮ್ಮ ತೋಟಗಳ ಅನುಪಾತ ಅದೇ.

ಒಪ್ಪಂದದಲ್ಲಿ ಬರೆಯಬೇಕಾದ್ದು: ಯಾವ ತುಂಡು ಯಾರಿಗೆ, ಹಸಿಸೊಪ್ಪು ಯಾವ ತಿಂಗಳು, ದರಕು ಯಾವ ತಿಂಗಳು, ಮರದ ತುದಿಯ ಮೂರನೇ ಒಂದು ಭಾಗ ಬಿಟ್ಟೇ ಕಡಿಯುವುದು, ಕಡಿದ ಮರ ಮತ್ತೆ ಚಿಗುರುವವರೆಗೆ ಮುಟ್ಟದಿರುವುದು, ಹೊರಗೆ ಮಾರದಿರುವುದು. ಬೆಟ್ಟದ ಸೊಪ್ಪು ಸ್ವಂತ ತೋಟಕ್ಕೆ ಮಾತ್ರ. ನೀರಿನ ಹೊಂಡ, ಗಾಡಿದಾರಿ, ಅಬ್ಬಿಯ (ಝರಿನೀರಿನ) ಕೊಳವೆ ಸಾಗುವ ಜಾಗ ಜಂಟಿಯಾಗಿಯೇ ಇರಲಿ (ಮೇಲೆ ಹೇಳಿದ ಪೀಟ್ ಜೌಗಿನ ಹಾಗೆ). ಇದು ಬಳಕೆಯ ಒಪ್ಪಂದ, ಭೂಮಿಯ ಪಾಲುಪತ್ರ ಅಲ್ಲ ಎಂದು ಮೊದಲ ಸಾಲಿನಲ್ಲೇ ಬರೆಯಿರಿ.

ನಾಳೆ ಯಾರಾದರೂ ತೋಟ ಹಿಸ್ಸೆ ಮಾಡಿದರೆ ಬೆಟ್ಟದ ಅನುಪಾತವನ್ನೂ ಆ ಪತ್ರದಲ್ಲೇ ನಮೂದಿಸಬೇಕು. ತೋಟ ಪೋಡಿಯಾಗಿ (ಅಳೆದು ಬೇರೆ ಬೇರೆ ನಂಬರಾಗಿ) ಬೆಟ್ಟ ಮಾತ್ರ ಅಜ್ಜನ ಹೆಸರಲ್ಲೇ ಉಳಿಯುವುದರಿಂದಲೇ ಇಂಥ ಮುಕ್ಕಾಲು ತಕರಾರು.

ಕಚೇರಿ ಕಟ್ಟೆ (ಕಾರವಾರ)

ಹೊಡೆದಾಟದ ಭಾಗಕ್ಕೆ ಉತ್ತರ ಯಾರೂ ಕೊಟ್ಟಿಲ್ಲ.

ಗಾಯ ಆದವರು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ‘ಹೊಡೆದಾಟದಿಂದ’ ಎಂದೇ ಹೇಳಿ ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ ಗಾಯದ ವೈದ್ಯಕೀಯ ದಾಖಲೆ) ಬರೆಸಬೇಕು. ಖಾಸಗಿಯಲ್ಲಿ ‘ಕತ್ತಿ ಜಾರಿತು’ ಎಂದು ಹೊಲಿಗೆ ಹಾಕಿಸಿಕೊಂಡು ನಾಲ್ಕು ದಿನ ಬಿಟ್ಟು ದೂರು ಕೊಟ್ಟರೆ ಪ್ರಕರಣ ಅಲ್ಲೇ ಸೊರಗುತ್ತದೆ. ಕತ್ತಿಯಿಂದ ಗಾಯ ಅಂದರೆ ಭಾರತೀಯ ನ್ಯಾಯ ಸಂಹಿತೆಯ 118(1), ಮೂಳೆ ಮುರಿತದಂಥ ತೀವ್ರ ಗಾಯಕ್ಕೆ 118(2), ದಾರಿ ಅಡ್ಡಗಟ್ಟಿದ್ದಕ್ಕೆ 126(2). ‘ಆಸ್ತಿ ರಕ್ಷಣೆಗೆ ಹೊಡೆದೆ’ ಎಂಬ ವಾದ ಇಲ್ಲಿ ನಿಲ್ಲುವುದು ಕಷ್ಟ. ಅಧಿಕಾರಿಗಳ ಬಳಿ ಹೋಗಲು ಸಮಯವಿದ್ದಾಗ ಆತ್ಮರಕ್ಷಣೆಯ ಹಕ್ಕಿಲ್ಲ ಎಂದು 37ನೇ ಕಲಂ ಹೇಳುತ್ತದೆ.

ಮತ್ತೆ ಗಲಾಟೆ ಆಗುವ ಸಂಭವ ಇದ್ದರೆ ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶ ಮಾಡುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 164 (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 145) ಎಲ್ಲರಿಗೂ ಗೊತ್ತು. ಆದರೆ ಅದು ಭೂಮಿ ಯಾರ ಸ್ವಾಧೀನದಲ್ಲಿದೆ ಎಂಬ ಪ್ರಶ್ನೆ. ನಿಮ್ಮದು ಬಳಕೆಯ ಹಕ್ಕು, ಅದಕ್ಕೆ ಸರಿಯಾದದ್ದು 166, ಹಳೆಯ 147. ಅಲ್ಲಿನ ಷರತ್ತು ಗಮನಿಸಿ: ವರ್ಷವಿಡೀ ಬಳಸುವ ಹಕ್ಕಾದರೆ ಪೊಲೀಸ್ ವರದಿ ಅಥವಾ ಮಾಹಿತಿ ಬಂದ ದಿನಕ್ಕೆ ಹಿಂದಿನ 3 ತಿಂಗಳಲ್ಲಿ ಬಳಸಿರಬೇಕು, ಹಂಗಾಮಿನ ಹಕ್ಕಾದರೆ ಹಿಂದಿನ ಹಂಗಾಮಿನಲ್ಲಿ ಬಳಸಿರಬೇಕು. ದರಕು ಹಂಗಾಮಿನದ್ದು. ಆದ್ದರಿಂದ ಸಣ್ಣ ತೋಟದವರು ಕಳೆದ ದರಕಿನ ಹಂಗಾಮಿನಲ್ಲಿ ಅಗಳದೊಳಗಿನ ಜಾಗದಿಂದ ದರಕು ತಂದದ್ದಕ್ಕೆ ಸಾಕ್ಷಿ ಬೇಕು. ಕೂಲಿಗೆ ಬಂದವರ ಹೇಳಿಕೆ, ದರಕು ಹೇರಿದ ಗಾಡಿಯ ಬಾಡಿಗೆ ಚೀಟಿ, ತಾರೀಕು ಇರುವ ಫೋಟೋ, ಇಂಥವು ನಡೆಯುತ್ತವೆ. ಒಂದು ಹಂಗಾಮು ಹೆದರಿ ಮನೆಯಲ್ಲಿ ಕೂತರೆ ಈ ಬಾಗಿಲು ಮುಚ್ಚುತ್ತದೆ, ಉಳಿಯುವುದು ಸಿವಿಲ್ ಕೋರ್ಟಿನ ತಡೆಯಾಜ್ಞೆ ಮಾತ್ರ. ಅಲ್ಲಿಗೆ ಹೋದರೆ ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರ್ ಕೇಳಿಕೊಳ್ಳಿ.

ಘಟ್ಟದ ಕೆಳಗಿನವರು ಇದನ್ನು ಓದುತ್ತಿದ್ದರೆ: ಕುಮಟಾ, ಅಂಕೋಲಾ ಕಡೆಯ ಹಾಡಿಗೆ 9 ಎಕರೆ ಲೆಕ್ಕ ಹಿಡಿದು ಹೊರಡಬೇಡಿ, ನಿಮ್ಮ ಮೂಲ ಆದೇಶದಲ್ಲಿ ಏನಿದೆಯೋ ಅದೇ.

ಹಳೆ ಟಿಪ್ಪಣಿ

ಸರ್ವೆ ದಿನದ ಬಗ್ಗೆ ಬಿಟ್ಟುಹೋಗಿತ್ತು. ಗೆರೆ ಬಿಡಿಸಲು ಕತ್ತಿ ಬೇಕೇ ಬೇಕು. ಮೂರೂ ಕಡೆಯವರಲ್ಲದ ಇಬ್ಬರು ಆಳುಗಳ ಕೈಯಲ್ಲಿ ಮಾತ್ರ ಇರಲಿ, ಉಳಿದವರು ಬರಿಗೈಯಲ್ಲಿ ಬರಲಿ. ಹಳೆ ಕಲ್ಲು ಸಿಕ್ಕರೆ ಅಲ್ಲಾಡಿಸದೆ ಮೊದಲು ಬುಡದ ಮಣ್ಣು ನೋಡಿ. ಬೇರು ಸುತ್ತಿಕೊಂಡು ಪಾಚಿ ನೆಲದ ಮಟ್ಟದವರೆಗೆ ಬಂದಿದ್ದರೆ ಅದು ಅಲ್ಲಿಯದೇ. ಬುಡದಲ್ಲಿ ಸಡಿಲ ಮಣ್ಣಿದ್ದು ಪಾಚಿಯ ಗೆರೆ ಓರೆಯಾಗಿದ್ದರೆ ಯಾರೋ ತಂದಿಟ್ಟದ್ದು. ಎರಡರಲ್ಲಿ ಯಾವುದಾದರೂ ಸರಿ, ಸರ್ವೆಯರ್ ಬರೆದುಕೊಂಡ ಮೇಲೆಯೇ ಸಹಿ ಹಾಕಿ.